ಕುರಿ ಅಂತ ಹೇಳಿ ಬೀಫ್ ಸ್ಟ್ಯೂ ಕೊಟ್ಟರು: ಡಬ್ಲಿನ್‌ನಲ್ಲಿ ಇದನ್ನು ಯಾರಿಗೆ ಹೇಳಬೇಕು?

ತುಮಕೂರಿನವಳು, ಲೂಕನ್

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮಗನ ಶಾಲೆಗೆ ಈಸ್ಟರ್ ರಜೆ, ಹಾಗಾಗಿ ಎಲ್ಲರೂ ಸೇರಿ ಡಬ್ಲಿನ್ ಸುತ್ತುತ್ತಿದ್ದೇವೆ. ಅಪ್ಪ ಕುಡಿಯುವವರಲ್ಲ. ಆದರೂ ಐರಿಷ್ ಪಬ್ ಒಂದನ್ನು ನೋಡಲೇಬೇಕು ಅಂತ ಊರಿಂದ ಹೊರಡುವಾಗಲೇ ಹೇಳಿದ್ದರು. ಕಾರಣ ಪಿಟೀಲು. ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ರೇಡಿಯೋದಲ್ಲಿ ಕೇಳಿಕೊಂಡು ಬೆಳೆದವರು ಅಪ್ಪ. ಅದೇ ವಾದ್ಯವನ್ನು ಇಲ್ಲಿನ ಜನ ಮಡಿಲ ಮೇಲೆ ಗ್ಲಾಸ್ ಇಟ್ಟುಕೊಂಡಷ್ಟು ಸಲೀಸಾಗಿ ನುಡಿಸುತ್ತಾರಂತೆ, ಅದನ್ನು ಎದುರು ಕೂತು ಕೇಳಬೇಕು ಅಂತ ಅವರ ಆಸೆ.

ಶನಿವಾರ ಸಂಜೆ ಟೆಂಪಲ್ ಬಾರ್ ಅನ್ನುವ ಟೂರಿಸ್ಟ್ ಬಡಾವಣೆ ಕಡೆ ಹೋದೆವು. ಪಬ್‌ನ ಹೆಸರು ಇಲ್ಲಿ ಹಾಕುವುದಿಲ್ಲ. ಬಾಗಿಲಿಗೆ ಹೂವಿನ ಕುಂಡ, ಒಳಗೆ ಹಳೇ ಮರದ ಬೆಂಚು, ಗೋಡೆ ತುಂಬ ಹಳೇ ಜಾಹೀರಾತು. ನೋಡುವುದಕ್ಕೆ ಎಲ್ಲ ಚೆನ್ನಾಗಿತ್ತು. ಪಬ್‌ನಲ್ಲಿ ನಾವೇ ಕೌಂಟರ್‌ಗೆ ಹೋಗಿ ಆರ್ಡರ್ ಕೊಡಬೇಕು ಅನ್ನುವುದು ನನಗೆ ಗೊತ್ತು. ಆದರೆ ಈ ಪಬ್‌ನ ಬಾಗಿಲಲ್ಲಿ 'ಕಾಯಿರಿ, ನಾವೇ ಕೂರಿಸುತ್ತೇವೆ' ಅಂತ ಬೋರ್ಡ್ ಇತ್ತು. ಒಬ್ಬ ಹುಡುಗಿ ಬಂದು ಕೂರಿಸಿದಳು, ಮೆನು ಕೊಟ್ಟಳು, ಆಮೇಲೆ ಆ ಕಡೆ ಸುಳಿಯಲಿಲ್ಲ. ಎದ್ದು ಕೌಂಟರ್‌ಗೆ ಹೋದರೆ 'ನಿಮ್ಮ ಟೇಬಲ್‌ಗೆ ಬರುತ್ತಾರೆ' ಅಂತ ವಾಪಸ್ ಕಳಿಸಿದರು. ಪಿಟೀಲೂ ಇರಲಿಲ್ಲ. ಒಬ್ಬರು ಗಿಟಾರ್ ಹಿಡಿದು ಮೈಕಿನಲ್ಲಿ ಹಾಡುತ್ತಿದ್ದರು. ಸ್ಪೀಕರ್ ನಮ್ಮ ತಲೆಯ ಮೇಲೇ ಇತ್ತು, ಪಕ್ಕದಲ್ಲಿದ್ದ ಅಮ್ಮನ ಮಾತೂ ಕೇಳುತ್ತಿರಲಿಲ್ಲ.

ಅಪ್ಪ ಮಟನ್ ತಿನ್ನುತ್ತಾರೆ, ದನದ ಮಾಂಸ ಮುಟ್ಟುವುದಿಲ್ಲ. ಅಮ್ಮ ಪೂರ್ತಿ ಸಸ್ಯಾಹಾರಿ. ಮೆನುವಿನಲ್ಲಿ 'ಸಾಂಪ್ರದಾಯಿಕ ಐರಿಷ್ ಸ್ಟ್ಯೂ' ಅಂತ ಇತ್ತು, 22 ಯೂರೋ. ಇದು ಕುರಿಯದ್ದಾ ಅಂತ ಸರ್ವರ್ ಹುಡುಗನನ್ನು ಕೇಳಿದೆ. ಹೌದು, ಲ್ಯಾಂಬ್ ಅಂದ. ನಮ್ಮ ತಂದೆ ಬೀಫ್ ತಿನ್ನುವುದಿಲ್ಲ, ಧರ್ಮದ ವಿಚಾರ, ಒಂದು ಸಲ ಒಳಗೆ ಕೇಳಿ ಬರುತ್ತೀರಾ ಅಂದೆ. 'ಏನೂ ತೊಂದರೆ ಇಲ್ಲ, ಲ್ಯಾಂಬೇ' ಅಂದು ಬರೆದುಕೊಂಡು ಹೋದ.

ಊಟ ಬರುವ ಹೊತ್ತಿಗೆ ಎಂಟೂವರೆ ದಾಟಿತ್ತು. ಅಮ್ಮನ ತರಕಾರಿ ಸೂಪ್ ಉಗುರುಬೆಚ್ಚಗೂ ಇರಲಿಲ್ಲ, ಮೇಲೆ ಕೆನೆ ಕಟ್ಟಿತ್ತು. ಜೊತೆಗೆ ಕೊಟ್ಟ ಬೆಣ್ಣೆ ಫ್ರಿಜ್ಜಿನಿಂದ ಆಗತಾನೆ ತೆಗೆದದ್ದು, ಬ್ರೆಡ್ಡಿಗೆ ಹಚ್ಚಲು ಹೋದರೆ ಬ್ರೆಡ್ಡೇ ಪುಡಿಯಾಗುತ್ತಿತ್ತು. ಅಪ್ಪನ ಬಟ್ಟಲಿನಲ್ಲಿ ಕಪ್ಪುಗಂದು ಬಣ್ಣದ ಗಟ್ಟಿ ಗ್ರೇವಿ, ನಡುವೆ ಒಂದು ಉಂಡೆ ಆಲೂಗಡ್ಡೆ ಮ್ಯಾಶ್. ಅಪ್ಪ ಒಂದೆರಡು ತುತ್ತು ತಿಂದರು. ಮೂರನೆಯದನ್ನು ಚಮಚದಲ್ಲೇ ಹಿಡಿದು ನೋಡಿ, 'ಇದು ಕುರಿ ಅಲ್ಲ ಕಣಮ್ಮ, ನಾರು ಬೇರೆ ಥರ ಇದೆ' ಅಂದರು. ಭಾನುವಾರ ಭಾನುವಾರ ತಾವೇ ಅಂಗಡಿಗೆ ಹೋಗಿ ಮಟನ್ ಆರಿಸಿ ತರುವವರು ಅವರು, ಅವರಿಗೆ ಗೊತ್ತಾಗುತ್ತೆ. ಬೇರೊಬ್ಬ ಸರ್ವರ್ ಅನ್ನು ಕರೆದು ಒಳಗೆ ಕೇಳಿಸಿದೆ. ಬಂದು ಹೇಳಿದ್ದು: 'ಇವತ್ತು ಬೀಫ್. ಅದೂ ತುಂಬಾ ಚೆನ್ನಾಗಿರುತ್ತೆ.'

ಅಷ್ಟೇ. ಕ್ಷಮಿಸಿ ಅನ್ನುವ ಮಾತೂ ಇಲ್ಲ. ಬೇರೆ ಏನಾದರೂ ಕೊಡಿ ಅಂದರೆ ಕಿಚನ್ ಮುಚ್ಚಿದೆ ಅಂದರು. ಒಂಬತ್ತಕ್ಕೆ ಇನ್ನೊಬ್ಬರು ಬಂದು, ಮಗು ಇದೆ, ಇನ್ನು ನೀವು ಹೊರಡಬೇಕು ಅಂದರು. ಬಿಲ್ಲಿನಲ್ಲಿ ಸ್ಟ್ಯೂ ಪೂರ್ತಿ ಹಾಕಿ, ಎಲ್ಲದರ ಮೇಲೆ 12.5% ಸರ್ವಿಸ್ ಚಾರ್ಜ್ ಸೇರಿಸಿದ್ದರು. ನಾನು ಜಗಳಕ್ಕೆ ನಿಂತೆ. ಅಪ್ಪ ಕೈ ಹಿಡಿದು, 'ಗಲಾಟೆ ಬೇಡ, ಕೊಟ್ಟು ಬಾ' ಅಂದರು. ಕೊಟ್ಟೆ. ಆ ರಾತ್ರಿ ಅಪ್ಪ ಮನೆಗೆ ಬಂದು ಸ್ನಾನ ಮಾಡಿ, ಏನೂ ತಿನ್ನದೆ ಮಲಗಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರು ಬೈದಿದ್ದರೇ ನನಗೆ ಹಗುರ ಆಗುತ್ತಿತ್ತು.

ತಣ್ಣಗಿನ ಸೂಪನ್ನು ನಾನು ಮರೆತುಬಿಡುತ್ತೇನೆ. ಆದರೆ ಕೇಳಿದ ಮೇಲೂ, ಕಾರಣ ಹೇಳಿದ ಮೇಲೂ ಒಳಗೆ ಹೋಗಿ ವಿಚಾರಿಸದೆ ಸುಳ್ಳು ಹೇಳಿದ್ದನ್ನು ಬಿಡಲು ಆಗುತ್ತಿಲ್ಲ. ಇದಕ್ಕೆ ಇಲ್ಲಿ ಯಾರಿಗೆ ದೂರು ಕೊಡುತ್ತಾರೆ? ಆ ಸರ್ವಿಸ್ ಚಾರ್ಜ್ ಕೊಡಲೇಬೇಕಿತ್ತಾ? ಮತ್ತೆ, ಅಪ್ಪ ವಾಪಸ್ ಹೋಗುವ ಮುಂಚೆ ಪಿಟೀಲು ಕೇಳಿಸುವುದಕ್ಕೆ ಒಂದು ಒಳ್ಳೆಯ ಜಾಗ ಹೇಳಿ.

ಹುಬ್ಬಳ್ಳಿ ಹುಡುಗ

ಅಕ್ಕಾರ, ಓದಿ ಭಾಳ ಕೆಟ್ಟನಿಸ್ತು. ನಾ ಇಲ್ಲಿ ಮಾಸ್ಟರ್ಸ್ ಓದೂ ಮುಂದ ಡಬ್ಲಿನ್‌ದಾಗ ಒಂದು ಪಬ್ಬಿನ ಅಡಗಿಮನ್ಯಾಗ ಕೆಲಸ ಮಾಡೇನಿ. ಸ್ಟೂಡೆಂಟ್ ವೀಸಾದಾಗ ಕ್ಲಾಸ್ ನಡದಾಗ ವಾರಕ್ಕ 20 ತಾಸು ಅಷ್ಟ ದುಡೀಲಿಕ್ಕೆ ಬಿಡ್ತಾರ, ಹಂಗಾಗಿ ಶುಕ್ರವಾರ ಶನಿವಾರದ ರಾತ್ರಿ ಶಿಫ್ಟ್ ಎಲ್ಲಾ ನಮ್ಮಂಥವರ ಪಾಲಿಗೇ. ಒಳಗ ಹೆಂಗ ನಡೀತೈತಿ ಹೇಳ್ತೇನಿ.

ಸ್ಟ್ಯೂ ಅನ್ನೂದು ಆರ್ಡರ್ ಬಂದಮ್ಯಾಲೆ ಮಾಡೂ ಅಡಗಿ ಅಲ್ಲ. ನಮ್ಮಲ್ಲಿ ಮುಂಜಾನೆ ಒಂದು ದೊಡ್ಡ ಪಾತೇಲಿ ತುಂಬ ಮಾಡಿ, ಬಿಸಿನೀರಿನ ತೊಟ್ಟಿಯೊಳಗ ಸ್ಟೀಲ್ ಡಬ್ಬಿ ಇಟ್ಟು ಸಂಜೀತನಕ ಬೆಚ್ಚಗ ಇಡ್ತಿದ್ವಿ. ಅದು ಖಾಲಿ ಆತಂದ್ರ ಫ್ರೀಜರ್‌ದಾಗಿನ ಚೀಲ ಒಡದು ಮೈಕ್ರೋವೇವ್‌ದಾಗ ಬಿಸಿ ಮಾಡೂದು. ಕುರಿ ತುಟ್ಟಿ, ಬೀಫ್ ಅದಕ್ಕಿಂತ ಸೋವಿ, ಮತ್ತ ಗಿನ್ನೆಸ್ ಅನ್ನೂ ಕರೀ ಬಿಯರ್ ಹಾಕಿದ ಬೀಫ್ ಸ್ಟ್ಯೂ ಟೂರಿಸ್ಟ್ ಮಂದಿ ಭಾಳ ಕೇಳ್ತಾರ. ಹಂಗಾಗಿ ಒಂದ ಹೆಸರಿನ ಕೆಳಗ ಎರಡೂ ನಡೀತಿರ್ತಾವು. ಹೊರಗ ನಿಂತ ಹುಡುಗಗ ಇವತ್ತ ಯಾವ ಚೀಲ ಒಡದಾರ ಅಂತ ಗೊತ್ತಿರೂದಿಲ್ಲ. ಗೊತ್ತಿಲ್ಲದಿದ್ರ ಕೇಳಿ ಬರಬೇಕಾಗಿತ್ತು, ಅದು ಅವನ ಕೆಲಸ. ಅದರಾಗ ಮಾಫಿ ಇಲ್ಲ.

ಮುಂದಿನ ಸಲ ಒಂದು ಮಾಡ್ರಿ. ಬಣ್ಣ ನೋಡ್ರಿ. ಕುರಿ ಹಾಕಿದ ಐರಿಷ್ ಸ್ಟ್ಯೂ ತೆಳ್ಳಗ, ಬಿಳಚಿಕೊಂಡಂಗ ಇರತೈತಿ: ಮಾಂಸ, ಆಲೂಗಡ್ಡಿ, ಉಳ್ಳಾಗಡ್ಡಿ, ಗಜ್ಜರಿ, ಮ್ಯಾಲೆ ಒಂದೀಟು ಪಾರ್ಸ್ಲಿ. ಕಪ್ಪಗ, ಗಟ್ಟಿಯಾಗಿ, ಪಳಪಳ ಹೊಳೀತಿತ್ತಂದ್ರ ಅದು ಬೀಫ್ ಮತ್ತ ಗಿನ್ನೆಸ್‌ನಂಥ ಕರೀ ಬಿಯರ್ ಅಂತ ತಿಳೀರಿ. ಮತ್ತ 'ಲ್ಯಾಂಬ್ ಹೌದಾ?' ಅಂತ ಕೇಳಬ್ಯಾಡ್ರಿ, ಹೌದು ಅಂದ್ಬಿಡ್ತಾರ. 'ಇದು ಯಾವ ಮಾಂಸ?' ಅಂತ ಕೇಳ್ರಿ. ಗೊತ್ತಿಲ್ಲದಾಂವ ಅಲ್ಲೇ ತಡವರಸ್ತಾನ, ಆಗ ಶೆಫ್‌ನ ಕರೀರಿ ಅನ್ನಬೇಕು. ನಾವು ಒಳಗಿದ್ದವರು ಎಷ್ಟೋ ಸಲ ಹೊರಗ ಬಂದು ಹೇಳಿ ಹೋಗೇವಿ, ಅದರಾಗ ಯಾರಿಗೂ ಸಿಟ್ಟು ಬರೂದಿಲ್ಲ.

ಅಮ್ಮಾರ ವಿಷಯಾನೂ ಹೇಳ್ಬೇಕು. 'ತರಕಾರಿ ಸೂಪ್' ಅಂದ್ರ ತರಕಾರಿ ಹಾಕಿದ ಸೂಪ್ ಅಷ್ಟ. ನಾ ಇದ್ದಲ್ಲಿ ಅದಕ್ಕ ಚಿಕನ್ ಸ್ಟಾಕ್ ಪುಡಿ ಹಾಕ್ತಿದ್ರು. ಚಿಪ್ಸ್ ಕರಿಯೂ ಎಣ್ಣಿಯೊಳಗ ಮೀನೂ ಕರೀತಿದ್ರು. ಸಸ್ಯಾಹಾರಿ ಗುರುತು ಇಲ್ಲದ್ದನ್ನ ಕೇಳದ ತಿನ್ನಬ್ಯಾಡ್ರಿ.

ಮೈಸೂರು ಮೂಲ, ಡಬ್ಲಿನ್ 15

ಕಾನೂನಿನ ಕಡೆಯಿಂದ ನನಗೆ ಖಚಿತವಾಗಿ ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಹೇಳಿದ ಪದಾರ್ಥ ಒಂದು, ಕೊಟ್ಟದ್ದು ಇನ್ನೊಂದು ಅಂದರೆ ಅದು ಬರೀ ಸೇವೆಯ ಕೊರತೆಯಲ್ಲ. ಇಲ್ಲಿನ 2022ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಮಾರಿದ ವಸ್ತು ವರ್ಣನೆಗೆ ತಕ್ಕಂತೆ ಇರಬೇಕು, ಸೇವೆಯನ್ನು ತಕ್ಕಷ್ಟು ಕಾಳಜಿಯಿಂದ ಕೊಡಬೇಕು. ಆ ಸ್ಟ್ಯೂವಿನ ದುಡ್ಡನ್ನು ನೀವು ಕೊಡಬೇಕಿರಲಿಲ್ಲ. ಈಗಲೂ ವಾಪಸ್ ಕೇಳಬಹುದು. ಮೊದಲು ಮ್ಯಾನೇಜರ್‌ಗೆ ಬರಹದಲ್ಲಿ ಕಳಿಸಿ: ದಿನಾಂಕ, ಹೊತ್ತು, ಬಿಲ್ಲಿನ ಫೋಟೋ, ನೀವು ಕೇಳಿದ್ದೇನು, ಅವರು ಹೇಳಿದ್ದೇನು. ಭಾವನೆಯ ಮಾತು ಕಡಿಮೆ ಇರಲಿ. 'ಧಾರ್ಮಿಕ ಕಾರಣ ತಿಳಿಸಿ ಎರಡು ಸಲ ಕೇಳಿದ ಮೇಲೂ ತಪ್ಪು ಮಾಹಿತಿ ಕೊಟ್ಟಿರಿ' ಅನ್ನುವ ಒಂದು ವಾಕ್ಯ ಸಾಕು.

ತಪ್ಪು ಮಾಹಿತಿಯ ದೂರನ್ನು ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೂ ಕೊಡಬಹುದು, ಆನ್‌ಲೈನ್ ಫಾರಂ ಇದೆ. ಅವರು ಆ ಭಾಗದ ತಪಾಸಣಾ ಅಧಿಕಾರಿಗಳಿಗೆ ದಾಟಿಸುತ್ತಾರೆ. ಸೂಪ್ ತಣ್ಣಗಿತ್ತು, ಸರ್ವರ್ ಒರಟಾಗಿದ್ದ ಅನ್ನುವುದನ್ನೆಲ್ಲ ಅಲ್ಲಿ ಬರೆಯಬೇಡಿ, ಅದು ಅವರ ವ್ಯಾಪ್ತಿಯಲ್ಲ. ಸ್ಮಾಲ್ ಕ್ಲೇಮ್ಸ್ ಅಂತ 2000 ಯೂರೋವರೆಗಿನ ತಕರಾರಿಗೆ ಒಂದು ವ್ಯವಸ್ಥೆ ಇದೆ. ಅದಕ್ಕೆ 25 ಯೂರೋ ಶುಲ್ಕ, 22 ಯೂರೋ ಸ್ಟ್ಯೂಗೆ ನಾನಂತೂ ಹೋಗುತ್ತಿರಲಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬೀಫ್ ಬಡಿಸುವ ಪ್ರತಿ ಹೋಟೆಲ್, ಪಬ್ ಆ ಮಾಂಸ ಯಾವ ದೇಶದ್ದು ಅಂತ ಗ್ರಾಹಕರಿಗೆ ಕಾಣುವಂತೆ ಬರೆದಿರಬೇಕು, 2006ರಿಂದ ಇದು ಕಡ್ಡಾಯ. ಸಾಮಾನ್ಯವಾಗಿ ಮೆನುವಿನ ತಳದಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ. ಬೀಫ್ ತಿನ್ನದ ನಮ್ಮಂಥವರಿಗೆ ಅದು ಒಂದು ಸುಳಿವು. ಆ ಸಾಲು ಇದ್ದು, ಮೆನುವಿನಲ್ಲಿ ಬೀಫ್ ಅಂತ ಎಲ್ಲೂ ಕಾಣದಿದ್ದರೆ, ಯಾವುದೋ ಒಂದರೊಳಗೆ ಅದು ಇದೆ ಅಂತ ಅರ್ಥ. ಅಲರ್ಜಿಯ 14 ಪದಾರ್ಥಗಳ ಪಟ್ಟಿಯನ್ನೂ ಬರಹದಲ್ಲಿ ಇಟ್ಟಿರಲೇಬೇಕು. ಮಾಂಸ ಆ ಪಟ್ಟಿಯಲ್ಲಿ ಬರುವುದಿಲ್ಲ, ಆದರೆ ಆ ಫೈಲನ್ನು ತರಿಸಿದರೆ ಅಡುಗೆಯ ಬಗ್ಗೆ ಗೊತ್ತಿರುವವರೊಬ್ಬರು ಅದರ ಜೊತೆ ಬರುತ್ತಾರೆ. ಅದೇ ದೊಡ್ಡ ಉಪಕಾರ.

ಸರ್ವಿಸ್ ಚಾರ್ಜ್: ಮೆನುವಿನಲ್ಲಿ ಮೊದಲೇ ಸ್ಪಷ್ಟವಾಗಿ ಬರೆದಿತ್ತಾ ನೋಡಿ. ಬರೆದಿರದಿದ್ದರೆ ತೆಗೆಯಿರಿ ಅಂತ ಧಾರಾಳವಾಗಿ ಹೇಳಬಹುದಿತ್ತು. 2022ರ ಡಿಸೆಂಬರ್ 1ರಿಂದ ಜಾರಿಯಾದ ಟಿಪ್ಸ್ ಕಾನೂನಿನಲ್ಲಿ, ಸರ್ವಿಸ್ ಚಾರ್ಜ್ ಅಂತ ಕಡ್ಡಾಯವಾಗಿ ವಸೂಲಿ ಮಾಡಿದ್ದು ಕೆಲಸಗಾರರಿಗೇ ಹೋಗಬೇಕು, ಹೇಗೆ ಹಂಚುತ್ತೇವೆ ಅಂತ ಬೋರ್ಡ್ ಹಾಕಿರಬೇಕು ಅಂತಿದೆ.

ಮಗುವಿನ ವಿಷಯದಲ್ಲಿ ಮಾತ್ರ ಅವರದ್ದು ತಪ್ಪಿಲ್ಲ. 18 ತುಂಬದವರು ರಾತ್ರಿ 9ರ ಮೇಲೆ ಪಬ್‌ನಲ್ಲಿ ಇರಬಾರದು ಅನ್ನುವುದು ಇಲ್ಲಿನ ಕಾನೂನು. ಮೇನಿಂದ ಸೆಪ್ಟೆಂಬರ್‌ವರೆಗೆ 10 ಗಂಟೆ, ನೀವು ಹೋದದ್ದು ಏಪ್ರಿಲ್. ಆದರೆ ಎಂಟೂವರೆಗೆ ಊಟ ಕೊಡುವವರು ಅದನ್ನು ಕೂರಿಸುವಾಗಲೇ ಹೇಳಬೇಕಿತ್ತು.

ಕಾರ್ಕ್ ಕನ್ನಡಿಗ

ಕೋಪ ಮಾಡಿಕೊಳ್ಳಬೇಡಿ ಮೇಡಂ. ಶನಿವಾರ ರಾತ್ರಿ ಟೆಂಪಲ್ ಬಾರ್‌ನಲ್ಲಿ ಒಳ್ಳೆಯ ಊಟ ಹುಡುಕುವುದೇ ಕಷ್ಟ. ಅಲ್ಲಿ ಒಂದು ಪೈಂಟ್ ಬಿಯರ್‌ಗೆ ಹತ್ತು ಯೂರೋ ಹತ್ತಿರ ತೆಗೆದುಕೊಳ್ಳುತ್ತಾರೆ, ಇವತ್ತು ಬಂದ ಗಿರಾಕಿ ನಾಳೆ ವಿಮಾನ ಹತ್ತಿ ಹೋಗುತ್ತಾನೆ ಅನ್ನುವುದು ಅವರಿಗೂ ಗೊತ್ತು. ಪಬ್ ಅಂದರೆ ಮೂಲದಲ್ಲಿ ಕುಡಿಯುವ, ಮಾತಾಡುವ ಜಾಗ. ಊಟ ಆಮೇಲೆ ಸೇರಿಕೊಂಡದ್ದು. ನಿರೀಕ್ಷೆ ಕಡಿಮೆ ಇಟ್ಟುಕೊಂಡರೆ ಬೇಜಾರೂ ಕಡಿಮೆ.

ತುಮಕೂರಿನವಳು, ಲೂಕನ್

ಸರ್, ಕೋಪ ಇಲ್ಲ. ಆದರೆ ಇದನ್ನು ನಾನು ಒಪ್ಪುವುದಿಲ್ಲ. ರುಚಿಯ ಮಟ್ಟಿಗೆ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಬಹುದು. ತಟ್ಟೆಯಲ್ಲಿರುವುದು ಯಾವ ಪ್ರಾಣಿ ಅಂತ ನಿಜ ಹೇಳಿ ಅನ್ನುವುದು ನಿರೀಕ್ಷೆ ಅಲ್ಲ, ಅದು ಕನಿಷ್ಠ. ಹಲಾಲ್ ನೋಡುವವರು, ಹಂದಿ ತಿನ್ನದವರು, ಕಡಲೆಕಾಯಿ ಆಗದ ಮಕ್ಕಳು ಎಲ್ಲರೂ ಆ ಬೀದಿಯಲ್ಲಿ ಓಡಾಡುತ್ತಾರೆ. ಟೂರಿಸ್ಟ್ ಜಾಗ ಅನ್ನುವುದೇ ಹೆಚ್ಚು ಜಾಗ್ರತೆಯಿಂದ ಇರುವುದಕ್ಕೆ ಕಾರಣ ಆಗಬೇಕು. ಹೊರ ದೇಶದಿಂದ ಬಂದ ವಯಸ್ಸಾದವರು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳಿಕೊಂಡು ಕೂರಲಾರರು, ಹೇಳಿದ್ದನ್ನು ನಂಬುತ್ತಾರೆ.

ಹುಬ್ಬಳ್ಳಿಯ ತಮ್ಮ, 'ಇದು ಯಾವ ಮಾಂಸ' ಅಂತ ಕೇಳಬೇಕು ಅಂದಿದ್ದು ತುಂಬ ಉಪಯೋಗವಾಗುವ ಮಾತು. ಡಬ್ಲಿನ್ 15ರ ಸರ್, ಬಿಲ್ ಇದೆ. ಮೆನುವನ್ನು ಪಬ್‌ನ ವೆಬ್‌ಸೈಟ್‌ನಲ್ಲಿ ತೆಗೆದು ನೋಡಿದೆ: ಸರ್ವಿಸ್ ಚಾರ್ಜ್ ಆರು ಮಂದಿಗಿಂತ ಹೆಚ್ಚಿದ್ದರೆ ಮಾತ್ರ ಅಂತಿದೆ. ನಾವಿದ್ದದ್ದು ಮಗುವೂ ಸೇರಿ ಐದು ಜನ. ಅದನ್ನೂ ಸೇರಿಸಿ ಇವತ್ತೇ ಬರೆಯುತ್ತೇನೆ.

ಗಾಲ್ವೇ ಗೃಹಿಣಿ

ಬಿಲ್ಲಿನ ವಿಷಯ ಉಳಿದವರು ಹೇಳಿದ್ದಾರೆ, ನಾನು ಅಪ್ಪನವರ ಪಿಟೀಲಿನ ಬಗ್ಗೆ ಹೇಳುತ್ತೇನೆ. ಡಬ್ಲಿನ್‌ನಲ್ಲೇ ಇದೆ, ಬೇರೆ ಎಲ್ಲಿಗೂ ಹೋಗಬೇಕಿಲ್ಲ. ಸ್ಮಿತ್‌ಫೀಲ್ಡ್‌ನಲ್ಲಿ ಕೋಬಲ್‌ಸ್ಟೋನ್ ಅಂತ ಪಬ್. ಲುವಾಸ್ ಟ್ರಾಮ್‌ನ ರೆಡ್ ಲೈನ್‌ನಲ್ಲಿ ಸ್ಮಿತ್‌ಫೀಲ್ಡ್ ಅಂತಲೇ ಸ್ಟಾಪ್ ಇದೆ, ಇಳಿದು ಚೌಕ ದಾಟಿದರೆ ಆಯಿತು. 2021ರಲ್ಲಿ ಅದರ ಸುತ್ತ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಊರಿನ ಸಂಗೀತಗಾರರೆಲ್ಲ ವಾದ್ಯ ಹಿಡಿದು ಬೀದಿಗಿಳಿದರು, ಕೊನೆಗೆ ನಗರಸಭೆ ಅನುಮತಿ ಕೊಡಲಿಲ್ಲ. ಅಷ್ಟು ಪ್ರೀತಿ ಜನಕ್ಕೆ ಆ ಜಾಗದ ಮೇಲೆ.

ಅಲ್ಲಿ ಮುಂದಿನ ಬಾರ್‌ನಲ್ಲಿ ವೇದಿಕೆ, ಮೈಕು ಅಂತ ಏನಿಲ್ಲ. ಬಾಗಿಲ ಪಕ್ಕದ ಮೂಲೆಯಲ್ಲಿ ನುಡಿಸುವವರು ಒಬ್ಬರಿಗೊಬ್ಬರು ಮುಖ ಮಾಡಿ ಕೂರುತ್ತಾರೆ. ಪಿಟೀಲು, ಟಿನ್ ವಿಸಲ್ ಅಂತ ತಗಡಿನ ಸಣ್ಣ ಪೀಪಿ, ಕೊಳಲು, ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಕಾನ್ಸರ್ಟೀನಾ. ಅದೃಷ್ಟ ಇದ್ದರೆ ಇಲನ್ ಪೈಪ್ಸ್ ಇರುತ್ತೆ. ಮೊಣಕೈಯಿಂದ ಗಾಳಿ ಒತ್ತಿ ನುಡಿಸುವ ವಾದ್ಯ ಅದು, ಅದನ್ನು ನುಡಿಸುವ ಕಲೆ ಯುನೆಸ್ಕೋದ ಪರಂಪರೆ ಪಟ್ಟಿಗೆ 2017ರಲ್ಲಿ ಸೇರಿತು. ಬೌರಾನ್ ಅಂತ ಮೇಕೆ ಚರ್ಮದ ತಾಳವಾದ್ಯ ಇದೆ, ನಮ್ಮ ಕಂಜಿರವನ್ನೇ ತಟ್ಟೆಯಷ್ಟು ದೊಡ್ಡದು ಮಾಡಿದ ಹಾಗೆ, ಸಣ್ಣ ಕೋಲಿನಿಂದ ಬಾರಿಸುತ್ತಾರೆ. ಒಂದು ಟ್ಯೂನ್ ಮುಗಿಯುವ ಮುಂಚೆ ಇನ್ನೊಂದಕ್ಕೆ ಹಾರುತ್ತಾರೆ, ಯಾರು ಯಾವಾಗ ಸನ್ನೆ ಮಾಡಿದರು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಅಪ್ಪನವರು ಹತ್ತಿರ ಕೂರಲಿ, ಕಮಾನಿನ ಕೈ ಕಾಣಬೇಕು. ಆದರೆ ಅವರ ವೃತ್ತದೊಳಗಿನ ಸ್ಟೂಲ್ ಖಾಲಿ ಇದ್ದರೂ ಕೂರಬೇಡಿ, ಅದು ನುಡಿಸುವವರದ್ದು. ಸಂಜೆಗಿಂತ ಮಧ್ಯಾಹ್ನ ಹೋಗಿ, ಮಗನನ್ನೂ ಕರೆದುಕೊಂಡು ಹೋಗಬಹುದು. ಹೊರಡುವ ಮುಂಚೆ ಫೋನ್ ಮಾಡಿ ಸೆಷನ್, ಅಂದರೆ ಹೀಗೆ ಸೇರಿ ನುಡಿಸುವುದು, ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಿ.

ಊಟ ಮನೆಯಲ್ಲೇ ಮುಗಿಸಿ ಹೋಗಿ. ಒಳ್ಳೆಯ ಸಂಗೀತದ ಪಬ್‌ಗಳಲ್ಲಿ ಎಷ್ಟೋ ಕಡೆ ಅಡುಗೆಮನೆಯೇ ಇರುವುದಿಲ್ಲ, ಅದೇ ನೆಮ್ಮದಿ. ಕುಡಿಯದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಸೋಡಾ ನಿಂಬೆ ಕೇಳಿ. ನಿಮ್ಮೆಜಮಾನರು ಗಿನ್ನೆಸ್ ತೆಗೆದುಕೊಂಡರೆ ಅಮ್ಮನವರಿಗೆ ಒಂದು ಮಾತು ಹೇಳಿ: ಅದನ್ನು ತಿಳಿಗೊಳಿಸಲು ಹಿಂದೆ ಮೀನಿನ ಗಾಳಿಚೀಲದ ಅಂಟು ಬಳಸುತ್ತಿದ್ದರು, ಈಗ ಬಿಟ್ಟಿದ್ದಾರೆ.

ಊಟಕ್ಕೇ ಅಂತ ಪಬ್‌ಗೆ ಹೋಗುವುದಿದ್ದರೆ ಮಧ್ಯಾಹ್ನ, ವಾರದ ನಡುವೆ, ಆಫೀಸಿನ ಜನ ಊಟ ಮಾಡುವ ಕಡೆ ಹೋಗಿ. ಮೆನು ಒಂದೇ ಹಾಳೆಯಲ್ಲಿ ಮುಗಿಯಬೇಕು. ಸೋಡಾ ಬ್ರೆಡ್ ಅಲ್ಲೇ ಮಾಡುತ್ತೀರಾ ಕೇಳಿ. ಈಸ್ಟ್ ಇಲ್ಲದೆ ಮಜ್ಜಿಗೆ, ಅಡುಗೆ ಸೋಡಾ ಹಾಕಿ ಮಾಡುವ ಬ್ರೆಡ್ ಅದು, ಬೆಳಿಗ್ಗೆ ಮಾಡಿದ್ದು ಸಂಜೆಗೆ ಒಣಗುತ್ತೆ. ಪುಡಿಪುಡಿಯಾಯಿತು ಅಂದಿರಲ್ಲ, ಅದು ಹಳೆಯದು. ಅಮ್ಮನವರಿಗೆ ಕೋಲ್‌ಕ್ಯಾನನ್ ಹೇಳಿ: ಬೆಣ್ಣೆ ಹಾಕಿ ಮಸೆದ ಆಲೂಗಡ್ಡೆಗೆ ಎಲೆಕೋಸು ಅಥವಾ ಕೇಲ್ ಸೇರಿಸಿದ್ದು. ಬೇಕನ್, ಅಂದರೆ ಉಪ್ಪು ಹಾಕಿದ ಹಂದಿ ಮಾಂಸ, ಸೇರಿಸುವವರೂ ಇದ್ದಾರೆ, ಅದೊಂದನ್ನು ಕೇಳಿ. ಬಾಕ್ಸ್ಟಿ ಅಂತ ಆಲೂಗಡ್ಡೆ ದೋಸೆಯೂ ಚೆನ್ನಾಗಿರುತ್ತೆ. ಡಬ್ಲಿನ್ ಕಾಡಲ್ ಅನ್ನುವ ಸ್ಟ್ಯೂ ಮಾತ್ರ ಅಪ್ಪನವರಿಗೆ ಬೇಡ, ಅದರಲ್ಲಿರುವುದು ಹಂದಿಯ ಸಾಸೇಜು ಮತ್ತು ಬೇಕನ್.

ತುಮಕೂರಿನವಳು, ಲೂಕನ್

ಅಕ್ಕ, ಎಷ್ಟು ವಿವರವಾಗಿ ಬರೆದಿದ್ದೀರಿ, ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕಂಜಿರದ ಮಾತು ಬಂದಾಗ ಕನ್ನಡಕ ಹಾಕಿಕೊಂಡು ಫೋನನ್ನೇ ಕಸಿದುಕೊಂಡರು.

ಪಬ್‌ನಿಂದ ಉತ್ತರ ಬಂದಿದೆ. ಸ್ಟ್ಯೂ ಮತ್ತು ಸರ್ವಿಸ್ ಚಾರ್ಜ್ ಎರಡರ ದುಡ್ಡೂ ಕಾರ್ಡಿಗೆ ವಾಪಸ್ ಹಾಕುತ್ತೇವೆ, ಮುಂದಿನ ಸಲ ಬಂದರೆ ಎಲ್ಲರಿಗೂ ಒಂದೊಂದು ಡ್ರಿಂಕ್ ಉಚಿತ ಅಂತ ಬರೆದಿದ್ದಾರೆ. ಅಪ್ಪನ ಬಗ್ಗೆ ಒಂದು ಸಾಲೂ ಇಲ್ಲ. ಡ್ರಿಂಕ್ ಬೇಡ, ಮೆನುವಿನಲ್ಲಿ ಸ್ಟ್ಯೂ ಪಕ್ಕ ಮಾಂಸದ ಹೆಸರು ಬರೆಯಿರಿ ಅಂತ ಮತ್ತೆ ಬರೆದಿದ್ದೇನೆ. ಆಹಾರ ಪ್ರಾಧಿಕಾರಕ್ಕೂ ಫಾರಂ ತುಂಬಿ ಕಳಿಸಿದೆ.

ಈ ಭಾನುವಾರ ಮನೆಯಲ್ಲಿ ಮುದ್ದೆ ಬಸ್ಸಾರು ಮುಗಿಸಿ ಸ್ಮಿತ್‌ಫೀಲ್ಡ್‌ಗೆ ಹೊರಡುತ್ತೇವೆ. ಅಮ್ಮನಿಗೆ ಮಂಡಿ ನೋವು, ಬೆನ್ನಿಗೆ ಆಸರೆ ಇರುವ ಕುರ್ಚಿ ಅಲ್ಲಿ ಸಿಗುತ್ತಾ ಗೊತ್ತಿದ್ದವರು ತಿಳಿಸಿ.

ಹುಬ್ಬಳ್ಳಿ ಹುಡುಗ

ಗ್ವಾಡಿಗೆ ಹಚ್ಚಿದ ಬೆಂಚ್ ಅದಾವ ಅಕ್ಕಾರ, ಬೆನ್ನಿಗೆ ಆಸರಾ ಸಿಗತೈತಿ. ಸೆಷನ್ ಶುರು ಆಗೂಕಿಂತ ಅರ್ಧಾ ತಾಸು ಮೊದಲ ಹೋಗಿ ಹಿಡೀರಿ, ಆಮ್ಯಾಲೆ ನಿಲ್ಲಾಕೂ ಜಾಗಾ ಇರೂದಿಲ್ಲ.